ಬೆಳಕಿನ ಬಲಮುರಿ, ಎಡಮುರಿ



ದೇವರ ಕೋಣೆಯ ಶಂಖಗಳಲ್ಲಿ ಎಡಮುರಿಯೇ ಸಾಮಾನ್ಯ, ಬಲಮುರಿ ದುರ್ಲಭ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಸಮತೂಕವಾಗಬಹುದು. ಆದರೆ ಒಂದನ್ನು ಹೇಗೆ ಹೊರಳಿಸಿದರೂ ಅದು ಇನ್ನೊಂದಾಗುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಮಾತ್ರ ಆಗುತ್ತದೆ. ಅಣುಗಳಲ್ಲಿಯೂ ಇಂಥ ಜೋಡಿಗಳುಂಟು. ತೂಕ ಒಂದೇ, ಕರಗುವ ಉಷ್ಣತೆ ಒಂದೇ. ಭೇದ ತಿಳಿಯುವುದು ಬೆಳಕಿಗೆ, ಮತ್ತು ಜೀವಿಗಳ ಶರೀರಕ್ಕೆ. ಈ ಭೇದವನ್ನು ಅಳೆಯುವ ಯಂತ್ರವೇ ಪೋಲಾರಿಮೀಟರು, ಧ್ರುವಣಮಾಪಕವೆಂದು ಕನ್ನಡಿಸಬಹುದು. ಅದು ಸೊನ್ನೆಯನ್ನು ತೋರಿಸಿದಾಗ ನಾವು ಏನೆಂದು ತಿಳಿಯಬೇಕು ಎಂಬುದೇ ಈ ಹೊತ್ತಿನ ಭಾಷಣದ ವಿಷಯ.

ಯಂತ್ರದ ರಚನೆ ಸರಳ. ಸಾಧಾರಣ ಬೆಳಕಿನ ಅಲೆಗಳು ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತವೆ. ಸ್ಕಾಟ್ಲೆಂಡಿನ ವಿಲಿಯಂ ನಿಕಲ್ 1828ರಲ್ಲಿ ರಚಿಸಿದ ಪಟ್ಟಕದ ಮೂಲಕ ಹಾಯ್ದ ಬೆಳಕು ಒಂದೇ ಸಮತಲದಲ್ಲಿ ಕಂಪಿಸುತ್ತದೆ. ಅದರ ಮುಂದೆ ಎರಡನೆಯ ಪಟ್ಟಕವನ್ನು ಅಡ್ಡಲಾಗಿ ನಿಲ್ಲಿಸಿದರೆ ಕಣ್ಣಿಗೆ ಕತ್ತಲೆ. ನಡುವೆ ಸಕ್ಕರೆ ಕರಗಿಸಿದ ನೀರಿನ ನಳಿಗೆಯನ್ನಿಟ್ಟೊಡನೆ ಕತ್ತಲೆ ಹರಿಯುತ್ತದೆ. ಏಕೆಂದರೆ ಸಕ್ಕರೆಯು ಬೆಳಕಿನ ಸಮತಲವನ್ನೇ ತಿರುಗಿಸಿರುತ್ತದೆ. ಪುನಃ ಕತ್ತಲೆ ಕವಿಯಲು ಎರಡನೆಯ ಪಟ್ಟಕವನ್ನು ಎಷ್ಟು ಡಿಗ್ರಿ ತಿರುಗಿಸಬೇಕೋ ಅದೇ ನಮಗೆ ಬೇಕಾದ ಕೋನ. ಗಡಿಯಾರದ ಮುಳ್ಳಿನ ದಿಕ್ಕಿಗಾದರೆ ಬಲಮುರಿ, ಎದುರಾದರೆ ಎಡಮುರಿ. 100 ಮಿಲಿಲೀಟರಿನಲ್ಲಿ 10 ಗ್ರಾಂ ಕಬ್ಬಿನ ಸಕ್ಕರೆಯಿರುವ ದ್ರಾವಣವನ್ನು 20 ಸೆಂಟಿಮೀಟರು ಉದ್ದದ ನಳಿಗೆಯಲ್ಲಿ ತುಂಬಿ, ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ನೋಡಿದರೆ 13.3 ಡಿಗ್ರಿ ಬಲಕ್ಕೆ ಬರುತ್ತದೆ. ನಳಿಗೆ ಅರ್ಧವಾದರೆ ಕೋನವೂ ಅರ್ಧ.

ಇಲ್ಲಿ ಒಂದು ಮೋಸವುಂಟು. ಬಲಕ್ಕೆ 40 ಡಿಗ್ರಿ ತಿರುಗಿದರೂ ಎಡಕ್ಕೆ 140 ಡಿಗ್ರಿ ತಿರುಗಿದರೂ ಪಟ್ಟಕವು ನಿಲ್ಲುವ ಸ್ಥಾನ ಒಂದೇ. ಆದಕಾರಣ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಇನ್ನೊಮ್ಮೆ ನೋಡಬೇಕು. ಬಲಕ್ಕೆ 20 ಬಂದರೆ ಮೊದಲಿನದು ಬಲಮುರಿ. ಎಡಕ್ಕೆ 70 ಬಂದರೆ ಎಡಮುರಿ. ವಿದ್ಯಾರ್ಥಿಗಳು ಈ ಎರಡನೆಯ ನೋಟವನ್ನು ಬೇಸರದ ಕೆಲಸವೆಂದೆಣಿಸುವರು. ಯಂತ್ರದ ವಿದ್ಯೆಯಲ್ಲಿ ಅರ್ಧಪಾಲು ಅದೇ ಎಂದು ನಮ್ಮ ಅಭಿಪ್ರಾಯ.

ಈ ಯಂತ್ರಕ್ಕೂ ನಮ್ಮ ರಾಯಚೂರು ಸೀಮೆಗೂ ಏನು ಸಂಬಂಧವೆಂದು ಕೇಳಬಹುದು. ತುಂಗಭದ್ರೆಯ ಕಾಲುವೆ ಹರಿದ ಮೇಲೆ ಮಾನ್ವಿಯ ಕಡೆ ಭತ್ತದ ಗದ್ದೆಗಳು ಹಬ್ಬಿವೆ. ಅಕ್ಕಿಯಲ್ಲಿರುವ ಪಿಷ್ಟವು ಪ್ರಬಲವಾದ ಬಲಮುರಿ ದ್ರವ್ಯ. 2.5 ಗ್ರಾಂ ಅಕ್ಕಿಹಿಟ್ಟನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಲು ಗಂಟೆ ಕುದಿಯುವ ನೀರಿನ ಶಾಖದಲ್ಲಿಟ್ಟು, ಸಸಾರಜನಕವನ್ನು ಗರಣೆಗಟ್ಟಿಸಿ ಸೋಸಿ, 100 ಮಿಲಿಲೀಟರಿಗೆ ತಂದು ಅದೇ 20 ಸೆಂಟಿಮೀಟರಿನ ನಳಿಗೆಯಲ್ಲಿ ನೋಡುತ್ತಾರೆ. ಹಿಟ್ಟೆಲ್ಲವೂ ಪಿಷ್ಟವಾಗಿದ್ದರೆ 9.3 ಡಿಗ್ರಿ, 7 ಡಿಗ್ರಿ ಬಂದರೆ ನೂರಕ್ಕೆ ಸುಮಾರು 75 ಪಾಲು. ಮದ್ಯಸಾರದಲ್ಲಿ ಕರಗುವ ಸಕ್ಕರೆಗಳ ಪಾಲನ್ನು ಬೇರೆಯಾಗಿ ನೋಡಿ ಕಳೆಯಬೇಕು. ಎವರ್ಸ್ ವಿಧಾನವೆಂದು ಇದಕ್ಕೆ ಹೆಸರು. ರಾಯಚೂರಿನಲ್ಲಿ ತಯಾರಾಗುವ ಔಷಧದ್ರವ್ಯಗಳಿಗೂ ಇದೇ ಪರೀಕ್ಷೆ ಬೇಕಾಗುತ್ತದೆ. ಎಷ್ಟೋ ಮದ್ದುಗಳಿಗೆ ಇಂತಿಷ್ಟು ಡಿಗ್ರಿಯೊಳಗೆ ಇರತಕ್ಕದ್ದೆಂದು ಔಷಧಸಂಹಿತೆಯೇ ವಿಧಿಸಿದೆ.

ಇನ್ನು ಸೊನ್ನೆಯ ವಿಚಾರ. ನಮ್ಮ ಸಾರಿಗೆ ಹಿಂಡುವ ಹುಣಸೆಯ ಹುಳಿಯಲ್ಲಿ ಟಾರ್ಟಾರಿಕ್ ಆಮ್ಲವಿದೆ, ಅದು ಬಲಮುರಿ. ದ್ರಾಕ್ಷಾರಸದ ಕಾರ್ಖಾನೆಗಳಲ್ಲಿ ಸಿಕ್ಕ ಇನ್ನೊಂದು ಆಮ್ಲ ಘಟಕಗಳಲ್ಲಿ ಅದರಂತೆಯೇ ಇದ್ದು ಬೆಳಕನ್ನು ಮಾತ್ರ ತಿರುಗಿಸುತ್ತಿರಲಿಲ್ಲ. 1848ರಲ್ಲಿ 25 ವರ್ಷದ ಲೂಯಿ ಪಾಶ್ಚರ್ ಅದರ ಒಂದು ಲವಣವನ್ನು ಹರಳುಗಟ್ಟಿಸಿ, ಹರಳುಗಳಲ್ಲಿ ಎರಡು ಬಗೆ ಇರುವುದನ್ನು ಕಂಡು, ಕೈಯಿಂದಲೇ ಆರಿಸಿ ಬೇರೆ ಮಾಡಿದನು. ಒಂದು ರಾಶಿ ಬಲಕ್ಕೆ, ಇನ್ನೊಂದು ಅಷ್ಟೇ ಎಡಕ್ಕೆ ತಿರುಗಿಸಿತು. ಆ ಸೊನ್ನೆಯು ಬರಿದಲ್ಲ, ಸಮಬಲದ ಇಬ್ಬರು ಹಗ್ಗ ಜಗ್ಗಿ ನಿಂತಂಥದು. ಆ ಲವಣದ ಹರಳುಗಳು ಹೀಗೆ ಬೇರೆಯಾಗುವುದು ಸುಮಾರು 27 ಡಿಗ್ರಿ ಉಷ್ಣತೆಗಿಂತ ಕೆಳಗೆ ಮಾತ್ರ. ಪಾಶ್ಚರನು ರಾಯಚೂರಿನ ಬೇಸಗೆಯಲ್ಲಿ ಆ ಪ್ರಯೋಗಕ್ಕೆ ಕುಳಿತಿದ್ದರೆ ಬೆವರಲ್ಲದೆ ಬೇರೇನೂ ಲಭಿಸುತ್ತಿರಲಿಲ್ಲ.

ಇದೇ ಬಗೆಯ ಸೊನ್ನೆಯೊಂದು ನಮ್ಮ ಮನೆಬಾಗಿಲಲ್ಲೇ ಬಹುಕಾಲ ಮರೆಯಾಗಿತ್ತು. ರಾಯಚೂರಿನ ಮಾರುಕಟ್ಟೆಗೆ ದೇವದುರ್ಗದ ಕಡೆಯಿಂದ ಹತ್ತಿಯ ಗಾಡಿಗಳು ಬರುತ್ತವೆ. ಅರಳೆ ತೆಗೆದ ಮೇಲೆ ಉಳಿಯುವ ಹತ್ತಿಕಾಳು ದನಗಳ ಮೇವು. ಆ ಕಾಳನ್ನು ಸೀಳಿದರೆ ಕರಿಯ ಚುಕ್ಕೆಗಳು ಕಾಣುತ್ತವೆ. ಅವುಗಳಲ್ಲಿರುವ ಹಳದಿ ದ್ರವ್ಯವೇ ಗಾಸಿಪಾಲ್. ಇದರ ಅಣುವು ಒಂದೇ ರೀತಿಯ ಎರಡು ಹೋಳುಗಳ ಜೋಡಣೆ. ನಡುವಣ ಕೊಂಡಿಯ ಸುತ್ತ ಹೋಳುಗಳು ತಿರುಗಲು ಇಕ್ಕಟ್ಟಾದ್ದರಿಂದ ಅವು ಓರೆಯಾಗಿಯೇ ನಿಲ್ಲುತ್ತವೆ. ಆ ಓರೆಯೇ ಬಲಮುರಿ ಅಥವಾ ಎಡಮುರಿ. ಹತ್ತಿಕಾಳಿನಿಂದ ಅದನ್ನು ಶುದ್ಧಿಮಾಡುವ ರೂಢಿಯ ಕ್ರಮವು ಅಸೆಟಿಕ್ ಆಮ್ಲದೊಡನೆ ಹರಳುಗಟ್ಟಿಸುವುದು. ಆ ಹರಳಿನಲ್ಲಿ ಎರಡು ರೂಪಗಳೂ ಸಮಸಮವಾಗಿ ಕೂಡಿ ಬರುತ್ತವೆ. ಮಿಕ್ಕ ಹೆಚ್ಚಳ ದ್ರವದಲ್ಲೇ ಉಳಿದುಹೋಗುತ್ತದೆ. ಹರಳನ್ನು ಪೋಲಾರಿಮೀಟರಿನಲ್ಲಿಟ್ಟರೆ ಸೊನ್ನೆ. ಶುದ್ಧಿಯೇ ಸಾಕ್ಷಿಯನ್ನು ಅಳಿಸಿತೆಂದು ಹೇಳಬೇಕು. 1968ರಲ್ಲಿ ಹತ್ತಿಯ ಬಳಗದ್ದೇ ಆದ ಹೂವರಸಿ ಮರದಿಂದ ಬೆಳಕನ್ನು ಬಲಕ್ಕೆ ತಿರುಗಿಸುವ ಗಾಸಿಪಾಲ್ ದೊರೆತಾಗ ವಿಷಯ ಬಯಲಾಯಿತು.

ಇದರಿಂದ ಆಗುವುದೇನು? ಚೀನಾ ದೇಶದಲ್ಲಿ 1970ರ ದಶಕದಲ್ಲಿ ಸಾವಿರಾರು ಗಂಡಸರಿಗೆ ಸಂತಾನನಿರೋಧಕ್ಕೆಂದು ಗಾಸಿಪಾಲ್ ಕೊಟ್ಟು ನೋಡಿದರು. ಕೆಲವರ ರಕ್ತದಲ್ಲಿ ಪೊಟಾಸಿಯಂ ಇಳಿಯಿತು, ಕೆಲವರಿಗೆ ಫಲಶಕ್ತಿ ಮರಳಲೇ ಇಲ್ಲ. ಆ ಉದ್ಯಮ ನಿಂತುಹೋಯಿತು. ಕೊಟ್ಟದ್ದು ಎರಡರ ಮಿಶ್ರಣ. ವೀರ್ಯಾಣುಗಳನ್ನು ಕುಗ್ಗಿಸುವ ಗುಣ ಎಡಮುರಿಯದೆಂದು ಮುಂದೆ ತಿಳಿದುಬಂದಿತು. ಕೋಳಿಗಳಿಗೂ ಎಡಮುರಿಯದೇ ಹೆಚ್ಚು ಕೇಡು. ಹತ್ತಿಯ ತಳಿಗಳಲ್ಲಿ ಈ ಎರಡರ ಪಾಲು ಒಂದೇ ಆಗಿರುವುದಿಲ್ಲವಾದ್ದರಿಂದ ಬಲಮುರಿ ಹೆಚ್ಚಿರುವ ಕಾಳನ್ನು ಆಯ್ದು ಬೆಳೆಸುವ ಯತ್ನಗಳೂ ನಡೆದಿವೆ.

ಹೀಗಿರಲು ಹತ್ತಿಕಾಳಿನ ಸಾರವನ್ನು ನಳಿಗೆಗೆ ತುಂಬಿ, ಕೋನ ಸಣ್ಣದೆಂದು ನಿಶ್ಚಿಂತರಾಗುವುದು ಸಲ್ಲದು. ಯಂತ್ರವು ತೋರಿಸುವುದು ಎರಡರ ಅಂತರವನ್ನು, ಮೊತ್ತವನ್ನಲ್ಲ. ಮೊದಲು ಒಟ್ಟು ಗಾಸಿಪಾಲನ್ನು ಬೇರೆ ಮಾರ್ಗದಿಂದ ಅಳೆದು, ಅನಂತರ ಕೋನವನ್ನು ಅದಕ್ಕೆ ಹೊಂದಿಸಿದರೆ ಇಬ್ಬರ ಪಾಲೂ ಹೊರಬೀಳುತ್ತದೆ. ಬೆಳೆದ ಎತ್ತು ಎಮ್ಮೆಗಳ ಮೊದಲ ಹೊಟ್ಟೆಯಲ್ಲಿ ಈ ವಿಷದ ಬಹುಭಾಗ ಸಸಾರಜನಕಕ್ಕೆ ಅಂಟಿ ನಿಷ್ಫಲವಾಗುವುದು. ಆ ಹೊಟ್ಟೆ ಇನ್ನೂ ಬಲಿಯದ ಎಳೆಗರುವಿಗೆ ಹತ್ತಿಕಾಳನ್ನಾಗಲಿ ಅದರ ಹಿಂಡಿಯನ್ನಾಗಲಿ ಹಾಕಬಾರದು.