ಒಂದು ಹಳಿ, ಹಲವು ಕೈ

ಮಾದರಿ ರೈಲನ್ನು ಮಕ್ಕಳ ಆಟಿಕೆಯೆಂದು ಎಣಿಸುವವರು ಬಹುಮಂದಿ. ಆದರೆ ಪ್ರಾಯ ಬಂದ ಹತ್ತು ಹದಿನೈದು ಮಂದಿ ಸಂಘ ಕಟ್ಟಿಕೊಂಡು, ನಿಜವಾದ ಬಂಡಿಯ 87ರಲ್ಲಿ ಒಂದು ಪಾಲಿನ ಅಳತೆಗೆ ನಿಲ್ದಾಣ, ಸೇತುವೆ, ಸುರಂಗಗಳನ್ನು ರಚಿಸಿ, ಒಂದೇ ಹಳಿಯ ಮೇಲೆ ಬಂಡಿಗಳನ್ನೋಡಿಸತೊಡಗಿದೊಡನೆ ಗಂಭೀರವಾದ ಪ್ರಶ್ನೆಯೊಂದು ತಲೆದೋರುತ್ತದೆ. ಹಳಿಯೇನೋ ಎಲ್ಲರದು, ಆಜ್ಞೆ ಯಾರದು? ಈ ಹೊತ್ತು ನಾವು ಇದನ್ನೇ ಕೊಂಚ ವಿಚಾರಿಸೋಣ.

ಹಳೆಯ ಏರ್ಪಾಡಿನಲ್ಲಿ ಎಂಜಿನ್ನಿಗೆ ಬೇಕಾದ ವಿದ್ಯುತ್ತು ಹಳಿಯಿಂದಲೇ ಬರುತ್ತಿತ್ತು. ಒತ್ತಡ ಹೆಚ್ಚಿಸಿದರೆ ವೇಗ ಹೆಚ್ಚು. ಧನ ಋಣಗಳನ್ನು ಅದಲುಬದಲು ಮಾಡಿದರೆ ಹಿನ್ನಡೆ. ಆದಕಾರಣ ಒಂದು ಹಳಿಯ ಮೇಲೆ ಎರಡು ಎಂಜಿನ್ನುಗಳಿದ್ದರೆ ಎರಡೂ ಒಟ್ಟಿಗೇ ಹೊರಡುತ್ತಿದ್ದವು. ಇದರ ಪರಿಹಾರಕ್ಕಾಗಿ ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ, ಯಾವ ತುಂಡು ಯಾರ ವಶವೆಂಬುದನ್ನು ಸ್ವಿಚ್ಚುಗಳಿಂದ ಗೊತ್ತುಮಾಡಿದರು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು 1946ರಲ್ಲಿ ಸ್ಥಾಪಿಸಿದ ಮಾದರಿ ರೈಲು ಸಂಘದಲ್ಲಿ ಈ ಕೆಲಸಕ್ಕೆ ಟೆಲಿಫೋನಿನ ಡಯಲುಗಳನ್ನೂ ರಿಲೇಗಳನ್ನೂ ಬಳಸಿದ್ದರು. ಸದಸ್ಯನು ಡಯಲು ತಿರುಗಿಸಿ ತನಗೆ ಬೇಕಾದ ತುಂಡನ್ನು ಕೇಳಿ ಪಡೆಯುವನು. ಅಧಿಕಾರವು ಕೈ ಬದಲಾದುದು ಮೇಜಿನ ಕೆಳಗಿನ ರಿಲೇಗಳ ಸದ್ದಿನಿಂದಲೇ ತಿಳಿಯುತ್ತಿತ್ತಂತೆ!

1990ರ ದಶಕದಲ್ಲಿ ಅಂಕಸಂಕೇತದ ಪದ್ಧತಿ ಬಳಕೆಗೆ ಬಂದಿತು. ಇದರಲ್ಲಿ ಹಳಿಗೆ ಸದಾ ವಿದ್ಯುತ್ತು. ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ. ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಅದು ಪಾಲಿಸುತ್ತದೆ. ಈಗ ಸದಸ್ಯರು ಜೇಬಿನ ದೂರವಾಣಿಯಿಂದಲೇ ಬಂಡಿ ನಡೆಸಬಲ್ಲರು. ಇನ್ನು ಜಗಳವಿಲ್ಲವೆಂದು ತೋರಬಹುದು; ಜಗಳ ಸ್ಥಳ ಬದಲಾಯಿಸಿತು, ಅಷ್ಟೆ. ಹೊಸ ಎಂಜಿನ್ನುಗಳು ಸಾಮಾನ್ಯವಾಗಿ 3 ಎಂಬ ಸಂಖ್ಯೆಯನ್ನು ಹೊತ್ತೇ ಕಾರ್ಖಾನೆಯಿಂದ ಬರುತ್ತವೆ. ಅದನ್ನು ಬದಲಿಸದೆ ಇಬ್ಬರು ಹಳಿಗಿಟ್ಟರೆ, ಒಬ್ಬನ ಬೆರಳಿಗೆ ಇಬ್ಬರ ಬಂಡಿಯೂ ಓಡುತ್ತದೆ. ಒಂದೇ ಎಂಜಿನ್ನನ್ನು ಇಬ್ಬರು ಹಿಡಿದರಂತೂ ಒಬ್ಬನು ನಿಲ್ಲೆನ್ನುವನು, ಮತ್ತೊಬ್ಬನು ನಡೆಯೆನ್ನುವನು. ಬಡ ಎಂಜಿನ್ನು ಕಡೆಯ ಮಾತನ್ನು ನಂಬುತ್ತದೆ. ತಪ್ಪು ಪಾಯಿಂಟಿನ ಮೇಲೆ ಒಬ್ಬನು ಬಂಡಿ ನುಗ್ಗಿಸಿದರೆ ವಿದ್ಯುತ್ತು ಅಡ್ಡಹಾಯ್ದು ಆ ಭಾಗದ ಬಂಡಿಗಳೆಲ್ಲ ನಿಲ್ಲುವುದೂ ಉಂಟು.

ದೊಡ್ಡ ರೈಲುಗಳು ಈ ಪಾಠವನ್ನು ರಕ್ತ ತೆತ್ತು ಕಲಿತವು. 1874ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಬಳಿಯ ಥಾರ್ಪ್ ಎಂಬಲ್ಲಿ, ಸಹಿಯಿಲ್ಲದ ಅಪ್ಪಣೆಯೊಂದು ತಂತಿಯಲ್ಲಿ ಹೋಗಿಬಿಟ್ಟಿತು. ಅದನ್ನು ಹಿಂತೆಗೆಯುವಷ್ಟರಲ್ಲಿ ಒಂಟಿ ಹಳಿಯ ಮೇಲೆ ಎರಡು ಬಂಡಿಗಳು ಎದುರುಬದುರಾಗಿ ಹೊರಟಿದ್ದವು. ಆ ಅನಾಹುತದ ತರುವಾಯ, 1878ರಲ್ಲಿ, ಎಡ್ವರ್ಡ್ ಟೈಯರ್ ಎಂಬಾತನು ಟೋಕನ್ನಿನ ಯಂತ್ರವನ್ನು ರಚಿಸಿದನು. ಒಂದು ಬಿಲ್ಲೆ ಹೊರಬಂದಿದ್ದರೆ, ಅದು ಮರಳುವವರೆಗೆ ಎರಡು ಕಡೆಯ ಯಂತ್ರಗಳೂ ಇನ್ನೊಂದನ್ನು ಕೊಡವು. ನಮ್ಮ ದೇಶದ ಒಂಟಿ ಹಳಿಗಳಲ್ಲಿಯೂ ಲೋಹದ ಗುಂಡನ್ನು ಚೀಲದಲ್ಲಿಟ್ಟು, ಬಳೆಗೆ ಸಿಕ್ಕಿಸಿ ಚಾಲಕನ ಕೈಗೆ ಕೊಡುತ್ತಿದ್ದುದನ್ನು ಶ್ರೋತೃಗಳಲ್ಲಿ ಹಲವರು ಕಂಡಿರಬಹುದು.

ಎಷ್ಟೇ ಜಾಣ ಯಂತ್ರಗಳಿದ್ದರೂ, ಅಧಿಕಾರ ಕೈಬದಲಾಗುವುದನ್ನು ಬಾಯಿಬಿಟ್ಟು ಹೇಳುವ ಸಂಘವೇ ನಮಗೆ ಮೆಚ್ಚು. ಕೆಲವು ಸಂಘಗಳಲ್ಲಿ ಒಬ್ಬ ಸಂಚಾರಾಧಿಕಾರಿಯನ್ನು ಬೇರೊಂದು ಕೋಣೆಯಲ್ಲಿ ಕೂರಿಸುತ್ತಾರೆ. ಬಂಡಿಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅವನು ಹಲಗೆಯ ನಕ್ಷೆಯನ್ನು ನೋಡಿ ಅಪ್ಪಣೆ ಕೊಡುತ್ತಾನೆ; ಸದಸ್ಯನು ಅದನ್ನು ಹಾಗೆಯೇ ತಿರುಗಿ ಹೇಳುತ್ತಾನೆ; ಆಮೇಲೆ ಬಂಡಿ ಕದಲುತ್ತದೆ.