ಯಂತ್ರ ಬರಲಿ, ನುಡಿ ಉಳಿಯಲಿ



ವೈದ್ಯರಿಗೆ ಸಲಹೆ ಕೊಡುವ ಕಂಪ್ಯೂಟರ್ ಹೊಸದೇನಲ್ಲ. 1970ರ ದಶಕದ ಆರಂಭದಲ್ಲೇ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಲ್ ತಂಡ ಹೊಟ್ಟೆನೋವಿನ 304 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿತು. ಹಿರಿಯ ವೈದ್ಯರ ನಿರ್ಣಯ ನೂರಕ್ಕೆ ಸುಮಾರು 80 ಸರಿ, ಕಂಪ್ಯೂಟರಿನದು 92! ಆದರೆ ನೋವು ಎಲ್ಲಿ, ಯಾವಾಗ, ಹೇಗೆ ಎಂದು ರೋಗಿಯನ್ನು ಕೇಳಿ ಅದಕ್ಕೆ ಉಣಿಸಿದವರು ಮನುಷ್ಯರೇ.

ಈಗ ನಮ್ಮ ಉಳ್ಳಾಲ ನೋಡಿ. ಇಲ್ಲಿ ನೋವು ಕನ್ನಡ, ತುಳು, ಬ್ಯಾರಿ, ಕೊಂಕಣಿಯಲ್ಲಿ ಮಾತಾಡುತ್ತದೆ. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೆ ಹೊರರಾಜ್ಯದವರೂ ಕಲಿಯಲು ಬರುತ್ತಾರೆ. ಅಜ್ಜಿ ಹೇಳುವ ‘ಸಂಕಟ’ ಎದೆಯದೋ ಹೊಟ್ಟೆಯದೋ ತಿಳಿಯದೆ ಇಂಗ್ಲಿಷ್ ಪಟ್ಟಿಯಲ್ಲಿ ಗುರುತು ಹಾಕಿದರೆ, ಕಂಪ್ಯೂಟರ್ ಕೊಡುವುದು ತಪ್ಪು ಸಲಹೆಯನ್ನೇ!

ಆದ್ದರಿಂದ ಪ್ರಶ್ನೆಪಟ್ಟಿ ಜನರ ನುಡಿಯಲ್ಲಿರಲಿ. ಕೇಳುವವರು ಆ ನುಡಿ ಕಲಿಯಲಿ. ಕೊನೆಯ ತೀರ್ಮಾನ ವೈದ್ಯರದೇ ಆಗಲಿ. ಆಸ್ಪತ್ರೆಗೆ ಹೋದಾಗ ಇದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ!