ಬಿದ್ದ ಮಲ್ಲನ ಹರಕೆಯ ಚಿತ್ರ

ಆಪತ್ತಿನಿಂದ ಪಾರಾದವರು ಆ ಸಂಗತಿಯನ್ನು ಚಿತ್ರವಾಗಿ ಬರೆಯಿಸಿ ಚರ್ಚಿಗೆ ಒಪ್ಪಿಸುವ ವಾಡಿಕೆ ಮೆಕ್ಸಿಕೋ ದೇಶದಲ್ಲಿ ಬಹು ಹಳೆಯದು. 19ನೆಯ ಶತಮಾನದಲ್ಲಿ ಅಗ್ಗದ ತಗಡು ದೊರೆತ ಮೇಲೆ ಬಡವರಿಗೂ ಇದು ಕೈಗೆಟುಕಿತು. ನಡುವೆ ಆಪತ್ತು, ಮೇಲೆ ಮೋಡಗಳಲ್ಲಿ ಕಾಪಾಡಿದ ಸಂತ ಇಲ್ಲವೆ ಮಾತೆ ಮೇರಿ, ಕೆಳಗೆ ನಾಲ್ಕು ಮಾತಿನ ಕೃತಜ್ಞತೆ. ಇದು ಆ ಚಿತ್ರಗಳ ಕಟ್ಟು. ಹೆಸರಾಂತ ಕಲಾವಿದ ದಂಪತಿಗಳಾದ ಫ್ರೀಡಾ ಕಾಲೋ ಮತ್ತು ಡಿಯೇಗೊ ರಿವೇರಾ ಇಂಥ ನೂರಾರು ತಗಡುಗಳನ್ನು ಕೂಡಿಸಿಟ್ಟಿದ್ದರು.

ಇಂದಿನ ಚಿತ್ರಕಾರರು ಇದೇ ಕಟ್ಟಿನೊಳಗೆ ಆಟದ ಕಣವನ್ನೂ ತಂದಿದ್ದಾರೆ. 1933ರಿಂದೀಚೆಗೆ ಅಲ್ಲಿ ಮನೆಮಾತಾದ ಮುಖವಾಡದ ಕುಸ್ತಿ ಅವರ ಮೆಚ್ಚಿನ ವಸ್ತುಗಳಲ್ಲೊಂದು. ಹಗ್ಗ ಬಿಗಿದ ಕಣದಲ್ಲಿ ಮಲ್ಲನು ಬಿದ್ದಿರುತ್ತಾನೆ. ಮೇಲೆ ನಕ್ಷತ್ರಗಳ ಮೇಲುಹೊದಿಕೆ ಹೊದ್ದ ಗ್ವಾದಲೂಪೆಯ ಮಾತೆ, ಸುತ್ತಲೂ ಹೊಂಗಿರಣ. ಮೊದಲ ನೋಟಕ್ಕೆ ನಗು ಬಂದೀತು. ದೇವಮಾತೆಗೂ ಜಟ್ಟಿಗಳ ಕಾಳಗಕ್ಕೂ ಎಲ್ಲಿಯ ನಂಟು?

ಆದರೆ ಹರಕೆಯೆಲ್ಲ ಗೆಲುವಿಗಾಗಿಯೇ ಅಲ್ಲ. ಪೆಟ್ಟು ಬಿದ್ದ ಮೈ ಸರಿಯಾಗಲಿ, ಮತ್ತೆ ದುಡಿಯುವಂತಾಗಲಿ ಎಂಬ ಮೊರೆಯೂ ಉಂಟು. ಮೈಯೇ ಬಂಡವಾಳವಾದವನಿಗೆ ಮೂಳೆ ಮುರಿದರೆ ಮನೆಯ ಒಲೆಯೂ ಆರುತ್ತದೆಯಲ್ಲವೆ? ಜನರ ಮುಂದೆ ಮುಖ ಮುಚ್ಚಿಕೊಂಡು ಸೆಣಸುವವನು ತನ್ನ ಅಂಜಿಕೆಯನ್ನು ಈ ತಗಡಿನ ಮೇಲೆ ಹೇಳಿಕೊಳ್ಳುತ್ತಾನೆ. ಇಂಥ ಚಿತ್ರವೊಂದು ಎಲ್ಲಾದರೂ ಕಣ್ಣಿಗೆ ಬಿದ್ದರೆ, ನಗುವ ಮುನ್ನ ಕೆಳಗಿನ ಸಾಲುಗಳ ಅರ್ಥವನ್ನು ಕೇಳಿ ತಿಳಿಯಿರಿ.